ಹಳೆಯ ಜಾವಾ 250 ಬಿಳಿ ಹೊಗೆ ಉಗುಳುತ್ತಿದ್ದರೆ ಬೋರ್ ಮಾಡಿಸಲೇಬೇಕೆ?

ಹನ್ನೊಂದು ವರ್ಷ ಕೊಟ್ಟಿಗೆಯಲ್ಲಿ ನಿಂತಿದ್ದ ನಿಮ್ಮ ತಂದೆಯವರ 1969ರ ಜಾವಾ ಹೇಗೋ ಸ್ಟಾರ್ಟ್ ಆಯಿತೆಂದೂ, ಎರಡೂ ಸೈಲೆನ್ಸರ್‌ಗಳಿಂದ ದಟ್ಟವಾದ ಬಿಳಿ ಹೊಗೆ ಬರುತ್ತಿದೆಯೆಂದೂ, ಗೇರ್‌ಬಾಕ್ಸ್ ಆಯಿಲ್ ವಾರವಾರಕ್ಕೂ ಇಳಿಯುತ್ತಿದೆಯೆಂದೂ ಬರೆದಿದ್ದೀರಿ. ಮೆಕ್ಯಾನಿಕ್ ಹೇಳಿದಂತೆ ಸಿಲಿಂಡರ್ ಬೋರ್ ಮಾಡಿಸಿ, ಅಂದರೆ ಅದರ ಒಳಗೋಡೆಯನ್ನು ಕೊರೆದು ಅಗಲ ಮಾಡಿಸಿ, ಹೊಸ ಪಿಸ್ಟನ್ ಹಾಕಿಸಬೇಕೆ ಅಥವಾ ಮನೆಯಲ್ಲೇ ಏನಾದರೂ ಮಾಡಬಹುದೆ ಎಂಬುದು ನಿಮ್ಮ ಪ್ರಶ್ನೆ. ದಯವಿಟ್ಟು ಬೋರ್ ಮಾಡಿಸುವ ವಿಚಾರವನ್ನು ಸದ್ಯಕ್ಕೆ ಬದಿಗಿಡಿ. ಹೊಗೆಗಿಂತಲೂ ಆಯಿಲ್ ಇಳಿಯುತ್ತಿರುವುದು ದೊಡ್ಡ ಸುಳಿವು, ಮತ್ತು ಅದು ಪಿಸ್ಟನ್ ಕಡೆಗೆ ಬೊಟ್ಟು ಮಾಡುತ್ತಿಲ್ಲ.

ಜಾವಾದಂಥ ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ಮೇಲೇರಿದಾಗಲೆಲ್ಲ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ (ಕ್ರ್ಯಾಂಕ್ ಶಾಫ್ಟ್ ತಿರುಗುವ ಗೂಡಿನಲ್ಲಿ) ನಿರ್ವಾತ ಉಂಟಾಗಿ ಕಾರ್ಬ್ಯುರೇಟರ್‌ನಿಂದ ಪೆಟ್ರೋಲ್ ಮಿಶ್ರಣವನ್ನು ಎಳೆದುಕೊಳ್ಳುತ್ತದೆ. ಜಾವಾದಲ್ಲಿ ಈ ಕ್ರ್ಯಾಂಕ್‌ಕೇಸಿನ ಎಡಮಗ್ಗುಲಲ್ಲೇ ಕ್ಲಚ್ ಮತ್ತು ಎಂಜಿನ್ನಿನಿಂದ ಕ್ಲಚ್ಚಿಗೆ ಶಕ್ತಿ ಒಯ್ಯುವ ಪ್ರೈಮರಿ ಚೈನ್ ಗೇರ್‌ಬಾಕ್ಸ್ ಆಯಿಲ್‌ನಲ್ಲಿ ಮುಳುಗಿ ಕೆಲಸ ಮಾಡುತ್ತವೆ. ಇವೆರಡನ್ನೂ ಬೇರ್ಪಡಿಸಿರುವುದು ಕ್ರ್ಯಾಂಕ್ ಶಾಫ್ಟಿನ ಸುತ್ತ ಕೂತಿರುವ ಒಂದು ರಬ್ಬರ್ ಸೀಲ್ ಮಾತ್ರ. ಗಾಡಿ ವರ್ಷಗಟ್ಟಲೆ ನಿಂತರೆ ಆ ರಬ್ಬರ್ ಬಿರುಸಾಗಿ ಶಾಫ್ಟನ್ನು ಹಿಡಿದುಕೊಳ್ಳುವುದನ್ನು ಬಿಟ್ಟುಬಿಡುತ್ತದೆ, ಆಗ ಎಂಜಿನ್ ಪೆಟ್ರೋಲಿನ ಜೊತೆಗೆ ಗೇರ್‌ಬಾಕ್ಸ್ ಆಯಿಲನ್ನೂ ಕುಡಿದು ಹೊಗೆಯಾಗಿ ಹೊರಹಾಕುತ್ತದೆ. ಅದರ ಬದಲು ಪಿಸ್ಟನ್ ಸುತ್ತಲಿನ ರಿಂಗ್ ಸವೆದಿದ್ದರೆ ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಕಡಿಮೆಯಾಗುತ್ತದೆ, ಏರಿನಲ್ಲಿ ಗಾಡಿ ಸೋಲುತ್ತದೆ. ಗೇರ್‌ಬಾಕ್ಸ್ ಆಯಿಲ್ ಮಾತ್ರ ಇದ್ದಲ್ಲೇ ಇರುತ್ತದೆ.

ಇದನ್ನು ನಾನು ದುಬಾರಿ ಬೆಲೆ ತೆತ್ತು ಕಲಿತೆ. ನನ್ನ 1972ರ ಗಾಡಿಗೆ ಇದೇ ಹೊಗೆ ಬಂದಾಗ ಬೋರ್ ಮಾಡಿಸಿದೆ. ಮೂರು ತಿಂಗಳಿಗೆ ಮತ್ತೆ ರಿಂಗ್ ಬದಲಿಸಿದೆ. ಹೊಗೆ ಹಾಗೆಯೇ ಇತ್ತು. ಕೊನೆಗೆ ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆಯಿಂದ ನಿವೃತ್ತರಾದ ಹಿರಿಯರೊಬ್ಬರು ಮನೆಗೆ ಬಂದರು. ಅವರು ಸ್ಪ್ಯಾನರನ್ನೇ ಮುಟ್ಟಲಿಲ್ಲ. ಗೇರ್‌ಬಾಕ್ಸ್ ಮುಚ್ಚಳ ಬಿಚ್ಚಿಸಿ, ತೆಳುವಾದ ತಂತಿಯೊಂದನ್ನು ಅದ್ದಿ, ತುದಿಗೆ ಹತ್ತಿದ ಆಯಿಲನ್ನು ಬೆರಳಿಗೆ ಸವರಿಕೊಂಡು ಮೂಸಿ, ನನ್ನ ಮೂಗಿನ ಹತ್ತಿರ ಹಿಡಿದರು. ಆಯಿಲ್ ಪೆಟ್ರೋಲ್ ವಾಸನೆ ಹೊಡೆಯುತ್ತಿತ್ತು. ಪಿಸ್ಟನ್ ಕೆಳಗಿಳಿಯುವಾಗ ಒತ್ತಡಕ್ಕೆ ಸಿಕ್ಕ ಮಿಶ್ರಣ ಅದೇ ಸೀಲನ್ನು ದಾಟಿ ಗೇರ್‌ಬಾಕ್ಸಿಗೆ ನುಗ್ಗುತ್ತದೆ ಎಂದು ಅವರು ಹೇಳಿದಾಗ, ಹಾಳು ಮಾಡಿಕೊಂಡ ಸಿಲಿಂಡರನ್ನು ನೆನೆದು ಹೊಟ್ಟೆ ಉರಿಯಿತು. ಪ್ರತಿ ಬೋರಿಗೂ ಸಿಲಿಂಡರಿನ ಗೋಡೆ ತೆಳುವಾಗುತ್ತದೆ, ಓವರ್‌ಸೈಜ್ ಪಿಸ್ಟನ್ನಿಗೂ ಒಂದು ಮಿತಿಯಿದೆ. 1961ರಲ್ಲಿ ಉತ್ಪಾದನೆ ಶುರುಮಾಡಿದ ಆ ಕಾರ್ಖಾನೆ 1996ರಲ್ಲಿ ಮುಚ್ಚಿತು, ಆದ್ದರಿಂದ ನಿಮ್ಮ ಗಾಡಿಯ ಮೂಲ ಸಿಲಿಂಡರ್ ಸುಸ್ಥಿತಿಯಲ್ಲಿದ್ದರೆ ಅದನ್ನು ಕಾಪಾಡಿಕೊಳ್ಳಿ.

ನೀವೂ ಮೊದಲು ವಾಸನೆ ನೋಡಿ. ಆಮೇಲೆ ಆಯಿಲನ್ನು ಸರಿಯಾದ ಮಟ್ಟಕ್ಕೆ ತುಂಬಿ, ಎಂಜಿನ್ ಚೆನ್ನಾಗಿ ಬಿಸಿಯಾಗುವವರೆಗೆ ಓಡಿಸಿ ಸ್ಪಾರ್ಕ್ ಪ್ಲಗ್ ಬಿಚ್ಚಿರಿ. ಅದು ಮಂದವಾದ ಕಪ್ಪು ಆಯಿಲ್‌ನಲ್ಲಿ ಅದ್ದಿದಂತಿದ್ದರೆ ಎಡಗಡೆಯ ಸೀಲ್ ಹೋಗಿದೆ ಎಂಬ ಅನುಮಾನ ಗಟ್ಟಿಯಾಗುತ್ತದೆ. ಬಲಗಡೆ ಡೈನಮೋ ಇರುವ ಬದಿಯಲ್ಲಿಯೂ ಇಂಥದ್ದೇ ಸೀಲ್ ಇದೆ, ಆದರೆ ಅದರ ದೋಷ ಬೇರೆ ತೆರನಾದದ್ದು: ಆಯಿಲ್ ಬದಲು ಗಾಳಿ ಒಳಬರುವುದರಿಂದ ಮಿಶ್ರಣ ತೆಳುವಾಗಿ, ಐಡ್ಲಿಂಗ್ (ಆಕ್ಸಿಲರೇಟರ್ ಕೊಡದಿರುವಾಗಿನ ಎಂಜಿನ್ ವೇಗ) ತಾನಾಗಿಯೇ ಏರುತ್ತದೆ, ಕಾರ್ಬ್ಯುರೇಟರ್ ಎಷ್ಟು ತಿರುಗಿಸಿದರೂ ಹಿಡಿತಕ್ಕೆ ಬರುವುದಿಲ್ಲ. ಡೈನಮೋದ ಮುಚ್ಚಳ ತೆಗೆದಾಗ ಒಳಗೆ ಎಣ್ಣೆಯ ಪಸೆ ಕಂಡರೆ ಅದನ್ನೂ ಬದಲಿಸಬೇಕು. ಎರಡೂ ಸೀಲ್‌ಗಳಿಗೆ ಒಂದೇ ವಯಸ್ಸು, ಒಂದನ್ನು ಬದಲಿಸುವಾಗ ಮತ್ತೊಂದನ್ನೂ ಬದಲಿಸಿಬಿಡುವುದೇ ಒಳ್ಳೆಯದು.

ಎಡಗಡೆಯ ಸೀಲ್ ತಲುಪಲು ಆಯಿಲ್ ಬಸಿದು, ಮುಚ್ಚಳ ತೆಗೆದು, ಕ್ಲಚ್ಚನ್ನೂ ಎಂಜಿನ್ ಸ್ಪ್ರಾಕೆಟ್ಟನ್ನೂ ಬಿಚ್ಚಬೇಕಾಗುತ್ತದೆ. ಗೇರ್ ಹಾಕುವ ಲಿವರನ್ನೇ ಒಳಕ್ಕೊತ್ತಿ ಮೇಲಕ್ಕೆತ್ತಿದರೆ ಕಿಕ್ಕರ್ ಆಗುವ ಆ ಜಾಣ ರಚನೆಯೂ ಇದೇ ಮಗ್ಗುಲಲ್ಲಿದೆ, ಹಾಗಾಗಿ ಪ್ರತಿ ಹಂತದಲ್ಲೂ ಫೋಟೋ ತೆಗೆದಿಟ್ಟುಕೊಳ್ಳಿ. ಮುಚ್ಚಳದ ಸ್ಕ್ರೂಗಳ ತಲೆಯಲ್ಲಿ ಒಂದೇ ನೇರ ಸೀಳು ಇರುತ್ತದೆ. ಹೊಂದದ ಸ್ಕ್ರೂಡ್ರೈವರ್ ಹಾಕಿದರೆ ಆ ಸೀಳು ಸವೆದು ಮತ್ತೆಂದೂ ಹಿಡಿಯುವುದಿಲ್ಲ, ಆದ್ದರಿಂದ ಸುತ್ತಿಗೆಯಿಂದ ಹೊಡೆದಾಗ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಬಳಸಿ. ಸ್ಪ್ರಾಕೆಟ್ ತೆಗೆಯಲು ಪುಲ್ಲರ್ (ಎಳೆದು ಬಿಡಿಸುವ ಉಪಕರಣ) ಇಲ್ಲದಿದ್ದರೆ ಕೆಲಸವನ್ನೇ ಶುರುಮಾಡಬೇಡಿ. ಶಾಫ್ಟಿನ ತುದಿಗೆ ಸುತ್ತಿಗೆಯಿಂದ ಬಡಿದರೆ, ಬಿಡಿಭಾಗಗಳನ್ನು ಒತ್ತಿ ಜೋಡಿಸಿದ ಆ ಕ್ರ್ಯಾಂಕ್ ನೇರ ತಪ್ಪುತ್ತದೆ, ಆಮೇಲೆ ಎಂಜಿನ್ ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ.

ಹಳೆಯ ಸೀಲ್ ಯಾವ ಮುಖವಾಗಿ ಕೂತಿತ್ತೆಂದು ನೋಡಿಕೊಂಡು, ಅದು ಶಾಫ್ಟನ್ನು ಮುಟ್ಟುತ್ತಿದ್ದ ಜಾಗದ ಮೇಲೆ ಉಗುರು ಎಳೆಯಿರಿ. ಉಗುರು ಸಿಕ್ಕಿಕೊಳ್ಳುವಷ್ಟು ಗೀರು ಬಿದ್ದಿದ್ದರೆ ಹೊಸ ಸೀಲ್ ಕೂಡ ಬಹುಕಾಲ ಬಾಳುವುದಿಲ್ಲ. ನುಣುಪಾಗಿದ್ದರೆ ಸೀಲಿನ ತುಟಿಗೆ ಸ್ವಲ್ಪ ಗ್ರೀಸ್ ಸವರಿ, ಓರೆಯಾಗದಂತೆ ಸುತ್ತಲೂ ಸಮನಾಗಿ ಒತ್ತಿ ಕೂರಿಸಿ.

ಮತ್ತೆ ಸ್ಟಾರ್ಟ್ ಮಾಡುವ ಮೊದಲು ಟ್ಯಾಂಕಿನ ಹಳೆಯ ಪೆಟ್ರೋಲ್ ಚೆಲ್ಲಿ, ಒಳಗೆ ತುಕ್ಕಿದ್ದರೆ ವಿನೆಗರ್ ತುಂಬಿಟ್ಟು, ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ತೊಳೆದು ಪೂರ್ತಿ ಒಣಗಿಸಿ. ಈಗಿನ ಪೆಟ್ರೋಲಿನಲ್ಲಿರುವ ಎಥೆನಾಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ ಹಳೆಯ ಪೆಟ್ರೋಲ್ ಪೈಪನ್ನು ಉಳಿಸಿಕೊಳ್ಳಬೇಡಿ. ಪ್ರತಿ ಲೀಟರಿಗೆ 40 ಮಿಲಿ ಟೂ-ಟಿ ಆಯಿಲ್ ಬೆರೆಸಿ. ಕಿಡಿ ಹುಟ್ಟಿಸಲು ತೆರೆದು ಮುಚ್ಚುವ ಕಾಂಟ್ಯಾಕ್ಟ್ ಪಾಯಿಂಟ್‌ಗಳ ಸಂದು, ತೆಳು ಪಟ್ಟಿಗಳಿಂದ ಅಳೆಯುವ ಫೀಲರ್ ಗೇಜಿನಲ್ಲಿ 0.4 ಮಿಲಿಮೀಟರ್ ಇರಲಿ. ಈ ಗಾಡಿಯ ಕಿಡಿ 6 ವೋಲ್ಟ್ ಬ್ಯಾಟರಿಯನ್ನೇ ನಂಬಿಕೊಂಡಿರುವುದರಿಂದ ಬ್ಯಾಟರಿಯೂ ಚಾರ್ಜ್ ಆಗಿರಬೇಕು.

ಸೀಲ್ ಹಾಕಿದ ಮೊದಲ ಕೆಲವು ದಿನ ಹೊಗೆ ನಿಲ್ಲದಿದ್ದರೆ ಗಾಬರಿಯಾಗಬೇಡಿ. ಇಷ್ಟು ದಿನ ಸುಡದೆ ಉಳಿದ ಆಯಿಲ್ ಸೈಲೆನ್ಸರ್‌ಗಳ ಒಳಗೆ ಅಂಟಿಕೊಂಡಿರುತ್ತದೆ, ಅದು ಉರಿದು ಮುಗಿಯಬೇಕು. ಈ ದಿನಗಳಲ್ಲಿ ಹೊಗೆ ನೋಡಿ ತೀರ್ಮಾನಿಸುವ ಬದಲು ಗೇರ್‌ಬಾಕ್ಸಿನಲ್ಲಿ ತಂತಿ ಅದ್ದಿ, ಆಯಿಲ್ ಎಲ್ಲಿಯವರೆಗೆ ಬಂದಿದೆ ಎಂದು ಗುರುತು ಹಾಕುತ್ತಾ ಹೋಗಿ.