ಜಾಝ್ ಸಂಗೀತದ ದಿಗ್ಗಜರಾದ ಲೂಯಿ ಆರ್ಮ್‌ಸ್ಟ್ರಾಂಗ್‌ಗೆ, ಜಾನ್ ಕೋಲ್ಟ್ರೇನ್‌ಗೆ ಅಮೆರಿಕದ 'ಜಾಝ್ ಮಾಸ್ಟರ್ಸ್' ಪ್ರಶಸ್ತಿ ಯಾಕೆ ಸಿಕ್ಕಿಲ್ಲ?

ಪ್ರಶಸ್ತಿ ಶುರುವಾಗುವ ಹೊತ್ತಿಗೆ ಅವರಿಬ್ಬರೂ ಬದುಕಿರಲಿಲ್ಲ, ಅಷ್ಟೇ. ಕೋಲ್ಟ್ರೇನ್ ತೀರಿಕೊಂಡಿದ್ದು 1967ರಲ್ಲಿ, ಆರ್ಮ್‌ಸ್ಟ್ರಾಂಗ್ 1971ರಲ್ಲಿ. ಅಮೆರಿಕ ಸರ್ಕಾರದ ಕಲಾಸಂಸ್ಥೆ ನ್ಯಾಷನಲ್ ಎಂಡೋಮೆಂಟ್ ಫಾರ್ ದಿ ಆರ್ಟ್ಸ್ ಈ ಗೌರವ ಕೊಡಲು ಶುರು ಮಾಡಿದ್ದು 1982ರಲ್ಲಿ.

ಹೆಸರನ್ನು ಯಾರು ಬೇಕಾದರೂ ಸೂಚಿಸಬಹುದು. ಆದರೆ ಕಲಾವಿದರು ಬದುಕಿರಬೇಕು, ಅಮೆರಿಕದ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು. ಪ್ರಶಸ್ತಿಯ ಜೊತೆ ಕಲಾವಿದರ ಕೈಗೇ ಹಣ ಸೇರುತ್ತದೆ. ಈಚಿನ ವರ್ಷಗಳಲ್ಲಿ ಅದು 25,000 ಡಾಲರ್. ಗ್ರ್ಯಾಮಿಯ ಹಾಗೆ ಆ ವರ್ಷದ ಒಂದು ಆಲ್ಬಮ್ ನೋಡಿ ಕೊಡುವುದಲ್ಲ ಇದು, ಇಡೀ ಜೀವಮಾನದ ಕೆಲಸಕ್ಕೆ ಕೊಡುವುದು.

ಹಾಗಾಗಿ ವಯಸ್ಸಾದವರೇ ಜಾಸ್ತಿ. ಮೊದಲ ವರ್ಷ ಪಡೆದವರು ರಾಯ್ ಎಲ್ಡ್ರಿಜ್, ಡಿಜ್ಜಿ ಗಿಲೆಸ್ಪಿ ಮತ್ತು ಸನ್ ರಾ. ಸನ್ ರಾ ತಂಡದಲ್ಲಿ ಸ್ಯಾಕ್ಸೊಫೋನ್ ನುಡಿಸುತ್ತಿದ್ದ ಮಾರ್ಷಲ್ ಅಲೆನ್‌ಗೆ ಅದು ಬಂದಿದ್ದು 2025ರಲ್ಲಿ, ಅವರಿಗೆ 100 ವರ್ಷ ಆದಮೇಲೆ! ಇಷ್ಟು ತಡ ಮಾಡುವುದು ಅಪಾಯದ ಆಟ ಅಲ್ವಾ?

ಇನ್ನೊಂದು ತುದಿಯಲ್ಲಿ, 2011ರಲ್ಲಿ ಮಾರ್ಸಾಲಿಸ್ ಕುಟುಂಬದ ಐವರು ಜಾಝ್ ಕಲಾವಿದರಿಗೆ, ಅಂದರೆ ತಂದೆ ಮತ್ತು ನಾಲ್ವರು ಮಕ್ಕಳಿಗೆ, ಒಟ್ಟಿಗೆ ಕೊಟ್ಟರು. ತಂದೆ ಎಲಿಸ್ ದೊಡ್ಡ ಗುರು, ಅವರ ಬಗ್ಗೆ ತಕರಾರಿಲ್ಲ. ಆದರೆ ಕಿರಿಯ ಮಗ ಜೇಸನ್‌ಗೆ ಆಗಿನ್ನೂ 33. ಎಷ್ಟೇ ಒಳ್ಳೆಯ ಡ್ರಮ್ಮರ್ ಆದರೂ ಜೀವಮಾನದ ಗೌರವಕ್ಕೆ ಅದು ಬೇಗ ಆಯಿತು ಎಂದೇ ನನ್ನ ಅನಿಸಿಕೆ.