ಸಿನಿಮಾ ನೋಡಿ ಬಂದು ಸುಮ್ನೆ ಒಂದು ಅಭಿಪ್ರಾಯ ಹೇಳಿದರೂ ಜಗಳ ಆಗುತ್ತದೆ. ಹೇಳೋದಾ, ಸುಮ್ಮನಿರೋದಾ?

"ನಾನೇನು ವಿಮರ್ಶಕ ಅಲ್ಲ, ನೋಡಿದ ಸಿನಿಮಾ ಬಗ್ಗೆ ಗ್ರೂಪಿನಲ್ಲಿ ಎರಡು ಸಾಲು ಹಾಕುತ್ತೇನೆ, ಅಷ್ಟಕ್ಕೇ ಜನ ಮುಖ ತಿರುಗಿಸುತ್ತಾರೆ" ಅಂತ ಬರೆದಿದ್ದೀರಿ. ಓದಿದ ಕೂಡಲೇ ನನಗೆ ನನ್ನ ಒದ್ದೆ ಸಾಕ್ಸ್ ನೆನಪಾಯಿತು.

2018ರ ಮಳೆಗಾಲ. ಆಗ ನನಗೆ ಹಂಪನಕಟ್ಟೆಯಲ್ಲಿ ಕೆಲಸ, ಮನೆ ಮುಲ್ಕಿಯಲ್ಲಿ. ಶುಕ್ರವಾರ ಆಫೀಸು ಬಿಟ್ಟ ಮೇಲೆ ನಾಲ್ಕೈದು ಮಂದಿ ಒಟ್ಟಿಗೆ ಪಿಚ್ಚರಿಗೆ ಹೋಗುವುದು ರೂಢಿ. ಕನ್ನಡ, ತುಳು, ಮಲಯಾಳ, ಹಿಂದಿ, ಯಾವುದಾದರೂ ಆದೀತು. ಮಂಗಳೂರಿನಲ್ಲಿ ಅದೊಂದು ಸುಖ. ಮುಗಿದ ಮೇಲೆ ರಸ್ತೆ ಬದಿಯಲ್ಲಿ ನಿಂತು ಚಾ. ನಿಜ ಹೇಳಬೇಕೆಂದರೆ ನಾನು ಹೋಗುತ್ತಿದ್ದದ್ದೇ ಆ ಚಾದ ಹೊತ್ತಿಗಾಗಿ. ನನ್ನ ನಾಲಿಗೆ ಸ್ವಲ್ಪ ಉದ್ದ. ಹೀರೋ ನಡೆದದ್ದು, ಹೀರೋಯಿನ್ ಅತ್ತದ್ದು ಎಲ್ಲ ಮಾಡಿ ತೋರಿಸುತ್ತಿದ್ದೆ, ಎಲ್ಲರೂ ನಗುತ್ತಿದ್ದರು. ನಗಿಸಿ ಅಭ್ಯಾಸ ಆದವನಿಗೆ ಸಿನಿಮಾ ಕೆಟ್ಟದಿದ್ದಷ್ಟೂ ಲಾಭ. ಇದು ಆಗ ನನಗೆ ಗೊತ್ತಿರಲಿಲ್ಲ.

ಆ ಗುಂಪಿನಲ್ಲಿ ನನ್ನ ಪಕ್ಕದ ಟೇಬಲಿನವಳೂ ಒಬ್ಬಳು. ಸುರತ್ಕಲ್‌ನವಳು. ಬೆಳಿಗ್ಗೆ ಒಂದೇ ಬಸ್ಸು. ಅವಳ ಬುತ್ತಿಯಲ್ಲಿ ನೀರ್ದೋಸೆ ಇದ್ದರೆ ಅರ್ಧ ನನ್ನದು. ನನ್ನನ್ನು ಕರೆಯುತ್ತಿದ್ದದ್ದು "ಮಾರಾಯ" ಅಂತ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಆ ಶುಕ್ರವಾರ ಒಂದು ತುಳು ಸಿನಿಮಾ ಬಿಡುಗಡೆ ಆಗಿತ್ತು. ಹೆಸರು ಬೇಡ. ಅವಳು ಮಧ್ಯಾಹ್ನವೇ ಅರ್ಧ ದಿನ ರಜೆ ಹಾಕಿ ಹೋದಳು, "ಮನೆಯಲ್ಲಿ ಸಣ್ಣ ಕೆಲಸ ಉಂಟು" ಅಂದಳು. ಉಳಿದವರು ಮಳೆ ನೋಡಿ ಜಾರಿಕೊಂಡರು. ನಾನೊಬ್ಬನೇ ಹೋದೆ. ಥಿಯೇಟರಿಗೆ ತಲುಪುವಾಗ ಪ್ಯಾಂಟು ಮೊಣಕಾಲವರೆಗೆ ಒದ್ದೆ, ಶೂ ಒಳಗೆ ನೀರು. ಒಳಗೆ ಎಸಿ. ಕಾಲಿನ ಬೆರಳು ಮರಗಟ್ಟಿತ್ತು. ಇಂಟರ್‌ವಲ್‌ ಆಗುವಾಗ ನನಗೆ ಆ ಸಿನಿಮಾದ ಮೇಲೆ ಎಷ್ಟು ಸಿಟ್ಟು ಬಂದಿತ್ತೆಂದರೆ, ನನ್ನ ಶೂ ಒಳಗೆ ನೀರು ಹಾಕಿದ್ದು ಆ ಡೈರೆಕ್ಟರೇ ಅನ್ನುವ ಹಾಗೆ.

ಚಾಕ್ಕೆ ಜನ ಇಲ್ಲ, ಕೇಳುವವರಿಲ್ಲ. ಹಾಗಾಗಿ ಆಫೀಸಿನ ಗ್ರೂಪಿಗೆ ಒಂದು ವಾಯ್ಸ್ ಮೆಸೇಜ್ ಬಿಟ್ಟೆ. 52 ಸೆಕೆಂಡು. ಇವತ್ತಿಗೂ ಬಾಯಿಪಾಠ: "ಎಂಥ ಸಿನಿಮಾ ಮಾರಾಯ್ರೆ ಇದು. ಕಾಮಿಡಿ ಎಲ್ಲ ನನ್ನ ಅಜ್ಜನ ಕಾಲದ್ದು. ಹುಡುಗಿಯ ಅಪ್ಪ ಅಂತ ಒಬ್ಬ ಬರ್ತಾನೆ, ಬೆನ್ನಿಗೆ ಹಲಗೆ ಕಟ್ಟಿದ ಹಾಗೆ ನಿಲ್ತಾನೆ. ನಿಶ್ಚಿತಾರ್ಥದ ಊಟಕ್ಕೆ ಎಲ್ಲರೂ ಕೂತ್ರೂ ಇವ ಕೂರೂದಿಲ್ಲ. ಬಗ್ಗಲಿಕ್ಕೂ ಬರದವನನ್ನು ಯಾವ ಅಂಗಡಿಯಿಂದ ತಂದ್ರೋ ಏನೋ. ಯಾರೂ ಬರ್ಬೇಡಿ, ಟಿಕೆಟಿನ ದುಡ್ಡಲ್ಲಿ ಗೋಳಿಬಜೆ ತಿನ್ನಿ." ಕಳಿಸಿ, ಎದ್ದು, ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿಗೆ ಹೋಗಿ ಮುಲ್ಕಿ ಬಸ್ಸು ಹತ್ತಿದೆ.

ಬಸ್ಸು ಪಣಂಬೂರು ದಾಟುವಾಗ ಆಫೀಸಿನವನೊಬ್ಬನ ಫೋನು ಬಂತು. "ನೀನು ಹೇಳಿದ್ದು ಯಾರಿಗೆ ಗೊತ್ತುಂಟಾ? ಅದು ಅವಳ ಅಪ್ಪ."

ಅಪ್ಪ ಸಿಟಿ ಬಸ್ಸಿನಲ್ಲಿ ಮೂವತ್ತು ವರ್ಷ ಕಂಡಕ್ಟರ್ ಆಗಿದ್ದವರು. "ಜ್ಯೋತಿ, ಜ್ಯೋತಿ" ಅಂತ ದಿನಕ್ಕೆ ಎಷ್ಟು ಸಲ ಕೂಗಿದ್ದಾರೋ, ನಮ್ಮಲ್ಲಿ ಟಾಕೀಸಿನ ಹೆಸರೇ ಸ್ಟಾಪಿನ ಹೆಸರಲ್ವಾ. ಊರಿನ ಯುವಕ ಮಂಡಲದ ನಾಟಕಗಳಲ್ಲಿ ಪಾತ್ರ ಮಾಡುತ್ತಿದ್ದರು. ಇದು ಅವರ ಮೊದಲ ಸಿನಿಮಾ. ಎಡಿಟಿಂಗಿನಲ್ಲಿ ತನ್ನ ಸೀನ್ ಉಳಿದಿದೆಯೋ ಇಲ್ಲವೋ ನೋಡುವ ತನಕ ಯಾರಿಗೂ ಹೇಳಬೇಡ ಅಂತ ಮಗಳಿಗೆ ಹೇಳಿದ್ದರಂತೆ. ಆ ಸಂಜೆ ಅವರು, ಹೆಂಡತಿ, ಮಗಳು, ಅಜ್ಜಿ ಎಲ್ಲರೂ ಬೇರೊಂದು ಥಿಯೇಟರಿನಲ್ಲಿ ಅದೇ ಸಿನಿಮಾ ನೋಡುತ್ತಿದ್ದರು. ಇಂಟರ್‌ವಲ್‌ನಲ್ಲಿ ಹೊರಗೆ ಬಂದು ನಿಂತಾಗ ನನ್ನ ಮೆಸೇಜು ಬಂದಿದೆ. ಗಲಾಟೆಯಲ್ಲಿ ಕೇಳುವುದಿಲ್ಲ ಅಂತ ಅವಳು ಸ್ಪೀಕರ್ ಆನ್ ಮಾಡಿದ್ದಾಳೆ.

ಗ್ರೂಪಿನಿಂದ ಮೆಸೇಜು ಅಳಿಸಿದೆ. ಅಳಿಸಿದ್ದರಿಂದ ಅದನ್ನು ಕೇಳದೆ ಇದ್ದವರೂ ಏನದು, ಏನದು ಅಂತ ವಿಚಾರಿಸಲು ಶುರು ಮಾಡಿದರು.

ಈಗ ನನ್ನ ತಪ್ಪು ಯಾವುದು ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಈ ಕಥೆ ಕೇಳಿದವರೆಲ್ಲ "ಹೌದು, ಯಾರ ಅಪ್ಪ ಇರ್ತಾರೋ ಗೊತ್ತಿರೋದಿಲ್ಲ, ಬಾಯಿ ಮುಚ್ಚಿಕೊಂಡಿರಬೇಕು" ಅನ್ನುತ್ತಾರೆ. ನಾನು ಒಪ್ಪುವುದಿಲ್ಲ. ತುಳು ಸಿನಿಮಾ ಅಂದರೆ ಎರಡು ಜಿಲ್ಲೆ ಮತ್ತು ಒಂದಿಷ್ಟು ಮುಂಬೈ. ಮೊದಲ ತುಳು ಸಿನಿಮಾ 'ಎನ್ನ ತಂಗಡಿ' ಬಂದದ್ದು 1971ರಲ್ಲಿ. ಆದರೆ ಈಗಿನ ಭರಾಟೆ ಶುರುವಾದದ್ದು 2011ರ 'ಒರಿಯರ್ದೊರಿ ಅಸಲ್' ನಂತರ, ಅದು ನಾಟಕದಿಂದ ಸಿನಿಮಾ ಆದದ್ದು. ಇಲ್ಲಿ ಪರದೆಯ ಮೇಲೆ ಕಾಣುವ ಅರ್ಧ ಜನ ನಾಟಕದವರು, ನಮ್ಮ ಆಚೆ ಈಚೆ ಮನೆಯವರು. ಯಾರದ್ದಾದರೂ ಅಪ್ಪ ಇದ್ದೇ ಇರುತ್ತಾರೆ. ಅದಕ್ಕೆ ಹೆದರಿದರೆ ನಮ್ಮೂರಲ್ಲಿ ಯಾರೂ ಸಿನಿಮಾ ಬಗ್ಗೆ ಮಾತಾಡುವ ಹಾಗೇ ಇಲ್ಲ.

ಹಿಡಿಸಲಿಲ್ಲ ಅಂದದ್ದೂ ತಪ್ಪಲ್ಲ. 2014ರಲ್ಲಿ 'ಉಳಿದವರು ಕಂಡಂತೆ' ನೋಡಿ ಬಂದು ತಲೆಬುಡ ಇಲ್ಲ ಅಂದಿದ್ದೆ. ಮಲ್ಪೆಯಲ್ಲಿ ನಡೆದ ಒಂದೇ ಸಂಗತಿಯನ್ನು ಬೇರೆ ಬೇರೆಯವರು ಹೇಳುತ್ತಾ ಹೋಗುವ ಕಥೆ ಅದು. ಮಲ್ಪೆ ಬಂದರಿನವನೇ ಆದ ನನ್ನ ಭಾವನ ಎದುರೇ ಹೇಳಿದ್ದೆ, ಅವನಿಗೆ ಬಹಳ ಇಷ್ಟವಾಗಿತ್ತು. ಮೂರು ವರ್ಷದ ನಂತರ ಲ್ಯಾಪ್‌ಟಾಪಿನಲ್ಲಿ ಇನ್ನೊಮ್ಮೆ ನೋಡಿದೆ, ನನಗೂ ಇಷ್ಟವಾಯಿತು. ಭಾವನಿಗೆ ಹೇಳಿದೆ, ಅವ ನಕ್ಕ, ಮುಗೀತು. ಅಭಿಪ್ರಾಯ ಬದಲಾದರೆ ಯಾರ ಗಂಟೂ ಹೋಗುವುದಿಲ್ಲ. ಯಾಕೆ ಹೋಗಲಿಲ್ಲ ಗೊತ್ತುಂಟಾ? ಆವತ್ತು ನಾನು ಕೊನೆಯವರೆಗೆ ಕೂತು ನೋಡಿದ್ದೆ.

2018ರಲ್ಲಿ ನಾನು ಮಾಡಿದ್ದು ಬೇರೆ. ಅರ್ಧ ನೋಡಿ ಪೂರ್ತಿ ನೋಡಿದವನ ಹಾಗೆ ಮಾತಾಡಿದೆ. "ಇಂಟರ್‌ವಲ್‌ ತನಕ ಹೀಗನಿಸಿತು" ಅಂತ ಒಂದು ಮಾತು ಸೇರಿಸಿದ್ದರೂ ಆಗುತ್ತಿತ್ತು. ಸೇರಿಸಲಿಲ್ಲ. ಸೇರಿಸಿದರೆ ನಗು ಕಮ್ಮಿ ಆಗುತ್ತದೆ ಅಂತ ನನಗೆ ಗೊತ್ತಿತ್ತು. ಕಾಲಿಗೆ ಚಳಿ ಆದದ್ದನ್ನೂ ಹೇಳಲಿಲ್ಲ. ನಾನು ಹೇಳಿದ್ದು ಸಿನಿಮಾದ ವಿಷಯ ಅಲ್ಲ, ನನ್ನ ಸಾಕ್ಸಿನ ವಿಷಯ. ಅದಕ್ಕೆ ಅಭಿಪ್ರಾಯ ಅಂತ ಹೆಸರು ಕೊಟ್ಟೆ. ಮೇಲಿಂದ "ಯಾರೂ ಬರ್ಬೇಡಿ" ಅಂದೆ. ನನಗೆ ಹಿಡಿಸಲಿಲ್ಲ ಅಂದರೆ ಅದು ನನ್ನದು. ಬರಬೇಡಿ ಅಂದ ಕೂಡಲೇ ಇನ್ನೊಬ್ಬನ ಟಿಕೆಟಿಗೆ ಕೈ ಹಾಕಿದ ಹಾಗೆ. ಇವತ್ತಿಗೂ ಉಳಿದದ್ದಕ್ಕಿಂತ ಆ ಇಂಟರ್‌ವಲ್‌ ಜಾಸ್ತಿ ಚುಚ್ಚುತ್ತದೆ. ಇನ್ನು ಒಂದು ಗಂಟೆ ಕೂತಿದ್ದರೆ ಆ ಮೆಸೇಜು ಹೋಗುತ್ತಲೇ ಇರಲಿಲ್ಲ.

ಯಾಕೆಂದರೆ ಮಂಗಳವಾರ ಮ್ಯಾಟಿನಿಗೆ ಹೋಗಿ ಪೂರ್ತಿ ನೋಡಿದೆ. ಹನ್ನೊಂದು ಜನ ಇದ್ದರು. ದ್ವಿತೀಯಾರ್ಧದಲ್ಲಿ ಒಂದು ರಾತ್ರಿ, ಅಡುಗೆಮನೆಯಲ್ಲಿ ಬಲ್ಬಿನ ಬೆಳಕು. ಆ ಅಪ್ಪ ಅಂಗಿ ಕಳಚುತ್ತಾನೆ, ಹೆಂಡತಿ ಹಿಂದೆ ನಿಂತು ಸೊಂಟದ ಬೆಲ್ಟು ಬಿಚ್ಚುತ್ತಾಳೆ. ಚರ್ರ್ ಅಂತ ಆ ಬೆಲ್ಟಿನ ಶಬ್ದ ಬಿಟ್ಟರೆ ಮಾತೇ ಇಲ್ಲ. ಅಡಿಕೆ ಮರದಿಂದ ಬಿದ್ದು ಬೆನ್ನು ಹೋಗಿದೆ. ದುಡಿಯಲು ಆಗುವುದಿಲ್ಲ ಅಂತ ಗೊತ್ತಾದರೆ ಮಗಳ ಸಂಬಂಧ ಮುರಿಯುತ್ತದೆ ಅಂತ ಮುಚ್ಚಿಟ್ಟಿದ್ದಾನೆ. ಅದಕ್ಕೇ ನಿಶ್ಚಿತಾರ್ಥದಲ್ಲಿ ಊಟಕ್ಕೆ ಕೂರಲಿಲ್ಲ. ಆ ಒಂದು ಸೀನಿಗೆ ಮೊದಲರ್ಧ ಪೂರ್ತಿ ನೆಟ್ಟಗೆ ನಿಂತಿದ್ದರು ಪುಣ್ಯಾತ್ಮ. ಹಾಗಂತ ಸಿನಿಮಾ ಅದ್ಭುತ ಏನಲ್ಲ. ಕಾಮಿಡಿ ಹಳತೇ. ಆದರೆ ಅವರು ಚೆನ್ನಾಗಿ ಮಾಡಿದ್ದರು.

ಇಷ್ಟು ಹೇಳಿದ್ದರೆ ಸಾಕಿತ್ತು. ನಾನು ಮನೆಗೆ ಬಂದು ಗ್ರೂಪಿನಲ್ಲಿ ಹದಿನಾಲ್ಕು ಸಾಲು ಹೊಗಳಿಕೆ ಬರೆದೆ. ಐದಕ್ಕೆ ಐದು ಸ್ಟಾರ್. ತುಳು ಚಿತ್ರರಂಗಕ್ಕೇ ಹೊಸ ತಿರುವು ಅಂತೆಲ್ಲ. ಅವಳ ಉತ್ತರ ಎರಡೇ ಮಾತು: "ಸಾಕು ಮಾರಾಯ್ರೆ." ಮಾರಾಯ ಹೋಗಿ ಮಾರಾಯ್ರೆ ಆಗಿದ್ದೆ. ನಮ್ಮೂರಿನವರಿಗೆ ಆ "ರೆ" ಎಷ್ಟು ದೂರ ಅಂತ ಹೇಳಬೇಕಾಗಿಲ್ಲ. ನೀರ್ದೋಸೆ ನಿಂತಿತು. ಶುಕ್ರವಾರದ ಗುಂಪೂ ಮೆಲ್ಲಗೆ ಕರಗಿತು. ಮರುವರ್ಷ ಅವಳು ಬೆಂಗಳೂರಿಗೆ ಹೋದಳು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೇಳೋದಾ ಸುಮ್ಮನಿರೋದಾ ಅನ್ನುವುದು ಪ್ರಶ್ನೆಯೇ ಅಲ್ಲ. ಹೇಳಿ. ಆದರೆ "ನಾನು ವಿಮರ್ಶಕ ಅಲ್ಲ, ಸುಮ್ನೆ ಹೇಳೋದು" ಅನ್ನುವ ಮಾತನ್ನು ಮೊದಲು ಬಿಡಿ. ಪೇಪರಿನ ವಿಮರ್ಶೆ ಓದಿ ಟಿಕೆಟ್ ತೆಗೆಯುವವರು ಎಷ್ಟು ಮಂದಿ? ಚಿಕ್ಕಮ್ಮನ ಮಗ ಹೇಳಿದ, ರಿಕ್ಷಾದವರು ಹೇಳಿದರು ಅಂತಲೇ ಹೋಗುವುದು. 2025ರ ಜುಲೈಯಲ್ಲಿ 'ಸು ಫ್ರಮ್ ಸೋ' ಬಂದಾಗ ದೊಡ್ಡ ಸ್ಟಾರ್ ಅಂತ ಯಾರೂ ಇರಲಿಲ್ಲ. ಹಾಲ್ ತುಂಬಿದ್ದು ನಿಮ್ಮಂಥವರು ನನ್ನಂಥವರು ಬಾಯಿಂದ ಬಾಯಿಗೆ ಹೇಳಿ. ಸುಮ್ನೆ ಹೇಳಿದ ಮಾತಿಗೇ ತೂಕ ಜಾಸ್ತಿ.

ಸ್ಟಾರ್ ಕೊಡಬೇಡಿ. ಮೂರೂವರೆಗೂ ನಾಲ್ಕಕ್ಕೂ ನಡುವೆ ಏನುಂಟು ಅಂತ ಕೊಟ್ಟವನಿಗೇ ಗೊತ್ತಿರುವುದಿಲ್ಲ. ಒಂದು ಸೀನ್ ಹಿಡಿದು ಹೇಳಿ. 'ಗರುಡ ಗಮನ ವೃಷಭ ವಾಹನ' ನೋಡಿ ಬಂದ ನನ್ನ ಅಕ್ಕ, "ಆ ಹುಲಿ ಕುಣಿತದ ಸೀನ್ ನೋಡಿ ಕೈ ತಣ್ಣಗಾಯ್ತು, ಹೊಡೆದಾಟ ಬರುವಾಗ ಮಾತ್ರ ಕಣ್ಣು ಮುಚ್ಚಿದೆ" ಅಂದಳು. ಹೋಗಬೇಕೋ ಬೇಡವೋ ಅಂತ ನಿರ್ಧರಿಸಲು ನನಗೆ ಅಷ್ಟೇ ಸಾಕಾಯಿತು. ಇನ್ನು 'ಕಾಂತಾರ' ಬಂದ ಮೇಲೆ ನಮ್ಮ ಕಡೆ ಇನ್ನೊಂದು ಕಷ್ಟ. ನಡುವೆ ಸ್ವಲ್ಪ ಎಳೆದರು ಅಂದರೂ ದೈವಕ್ಕೆ ಅಂದ ಹಾಗೆ ನೋಡುವವರಿದ್ದಾರೆ. ಅವರ ಹತ್ತಿರ ವಾದಕ್ಕೆ ಹೋಗಬೇಡಿ. ಕೋಲ ಬೇರೆ, ಸಿನಿಮಾ ಬೇರೆ ಅಂತ ಒಮ್ಮೆ ಹೇಳಿ ಚಾ ಕುಡಿಯಿರಿ.

ಮತ್ತೆ ಮುಖ ತಿರುಗಿಸುವವರ ಬಗ್ಗೆ ಹೇಳಿದ್ದೀರಲ್ಲ. ಒಂದು ಸಲ ನಿಮ್ಮ ಹಳೆಯ ಮೆಸೇಜುಗಳನ್ನು ತೆಗೆದು ಓದಿ. ಸಿನಿಮಾ ಬಗ್ಗೆ ಎಷ್ಟು ಉಂಟು, ನೀವು ಎಷ್ಟು ಚುರುಕು ಅಂತ ತೋರಿಸಲಿಕ್ಕೆ ಎಷ್ಟು ಉಂಟು? ನನ್ನದನ್ನು ನಾನು ಓದಿದ್ದೆ. ಬೇಸರ ಮಾಡಿಕೊಳ್ಳಬೇಡಿ, ಕೇಳಿದ್ದಕ್ಕೆ ಹೇಳಿದೆ.

ಆ ಅಪ್ಪನನ್ನು ಆಮೇಲೆ ಒಮ್ಮೆ ಕಂಡೆ. ಸುರತ್ಕಲ್‌ನಲ್ಲಿ ಒಂದು ಮದುವೆ, ಊಟದ ಪಂಕ್ತಿ. ಬಡಿಸುವವನಿಗೆ "ಇಲ್ಲಿ ಇನ್ನೊಂದು ಸ್ವಲ್ಪ ಸಾರು ಮಾರಾಯ್ರೆ" ಅಂದೆ. ಎರಡು ಎಲೆ ಆಚೆ ಕೂತಿದ್ದ ಒಬ್ಬರು ತಿರುಗಿ ನೋಡಿದರು. ನನ್ನ ಮುಖ ಅವರು ಕಂಡೇ ಇರಲಿಲ್ಲ. ಸ್ವರ ಗೊತ್ತಿತ್ತು.

"ಆ ವಾಯ್ಸ್ ಮೆಸೇಜಿನವರು ನೀವೇ ಅಲ್ವಾ?"

ಅನ್ನ ಗಂಟಲಲ್ಲೇ ನಿಂತಿತು. ಹೌದು ಅಂದೆ. ಪೂರ್ತಿ ಆಮೇಲೆ ನೋಡಿದೆ, ತಪ್ಪಾಯ್ತು ಅಂದೆ. ಅವರು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಹಲಗೆ ಅಲ್ಲ, ಹಾಳೆ" ಅಂದರು. "ಡೈರೆಕ್ಟರು ನೆಟ್ಟಗೆ ನಿಲ್ಲಿ ಅಂತಾರೆ. ನನಗೆ ಬಸ್ಸಲ್ಲಿ ಮೂವತ್ತು ವರ್ಷ ಓಲಾಡಿ ಅಭ್ಯಾಸ, ಮೈ ತನ್ನಿಂದ ತಾನೇ ಆಡುತ್ತದೆ. ಮತ್ತೆ ನಾನೇ ಒಂದು ಒಣಗಿದ ಅಡಿಕೆ ಹಾಳೆ ಬನಿಯನ್ ಒಳಗೆ ಕಟ್ಟಿಕೊಂಡೆ. ನೀವು ಕಂಡದ್ದು ಸರಿಯೇ. ಅರ್ಧದಲ್ಲಿ ಎದ್ದು ಹೋದದ್ದು ಯಾಕೆ?"

ಇಷ್ಟು ಆದ ಮೇಲೆ ಸುಳ್ಳು ಯಾಕೆ ಅಂತ ಇದ್ದದ್ದನ್ನೇ ಹೇಳಿದೆ. ಮಳೆ, ಶೂ, ಸಾಕ್ಸ್ ಒದ್ದೆಯಾಗಿತ್ತು, ಎಸಿ, ಚಳಿ.

ಅವರು ಎಲೆಯ ಮೇಲಿನ ಹಪ್ಪಳ ಮುರಿದು ಪಾಯಸಕ್ಕೆ ಹಾಕಿಕೊಂಡರು. "ನಮ್ಮೂರ ಮಳೆಗೆ ಯಾರಾದರೂ ಸಾಕ್ಸ್ ಹಾಕ್ತಾರಾ?" ಅಂದರು.