ದಶಮಾಂಶ ಮೊದಲೋ, ಮನೆಸಾಲದ ಕಂತು ಮೊದಲೋ?

ಆದಾಯದ ಹತ್ತರಲ್ಲೊಂದು ಪಾಲನ್ನು ದೇವರಿಗೆಂದು ಕೊಡುವ ದಶಮಾಂಶ ಮೊದಲೋ, ಮನೆಸಾಲದ ಕಂತು ಮೊದಲೋ ಎಂದು ಕೇಳಿದ್ದೀರಿ. ಆದರೆ ನನ್ನ ಕಣ್ಣು ನಿಂತದ್ದು ನಿಮ್ಮ ಪ್ರಶ್ನೆಯ ಕೊನೆಯ ಸಾಲಿನ ಮೇಲೆ. ಅಕ್ಕನ ಗಂಡ ಚಿಟ್ಟಿ (ಎಲ್ಲರೂ ತಿಂಗಳ ಕಂತು ಕಟ್ಟಿ, ಕೂಡಿದ ಹಣವನ್ನು ಪ್ರತಿ ತಿಂಗಳು ಒಬ್ಬರು ಹರಾಜು ಕೂಗಿ ಎತ್ತುವ ಚೀಟಿ) ಕರೆದಿದ್ದಾರೆ, ಜಾಮೀನಿಗೆ ನಿಮ್ಮ ಸ್ಯಾಲರಿ ಸರ್ಟಿಫಿಕೇಟು ಬೇಕಂತೆ, ಕ್ರೈಸ್ತನಾದವನು ಇಷ್ಟಾದರೂ ಮಾಡಬೇಕಲ್ಲವೇ ಎಂದು ನೀವು ಹಾದಿಯಲ್ಲಿ ಹೇಳಿಹೋಗುವ ಮಾತಿನಂತೆ ಬರೆದಿದ್ದೀರಿ. ನನ್ನ ಮಟ್ಟಿಗೆ ನಿಮ್ಮ ನಿಜವಾದ ಪ್ರಶ್ನೆ ಅದೇ.

ನಾನು ಕೇರಳದ ಮಂಜೇಶ್ವರ ತಾಲೂಕಿನ ಒಂದು ಅನುದಾನಿತ ಕನ್ನಡ ಶಾಲೆಯಲ್ಲಿ ಅಧ್ಯಾಪಕ. ನಮ್ಮ ಕಡೆ ಒಬ್ಬನಿಗೆ ಸರ್ಕಾರದ ಸಂಬಳ ಬರತೊಡಗಿದರೆ ಮದುವೆಯ ಸಂಬಂಧಕ್ಕಿಂತ ಮೊದಲು ಜಾಮೀನಿನ ಕೋರಿಕೆ ಅಂಗಳಕ್ಕೆ ಬರುತ್ತದೆ. ನನ್ನಲ್ಲಿಗೆ ಬಂದವರು ಹೆಂಡತಿಯ ಅಣ್ಣ, ನನ್ನ ಭಾವ. ಉಪ್ಪಳದಲ್ಲಿ ಟೈಲ್ಸ್ ಅಂಗಡಿ ತೆರೆಯಬೇಕೆಂದಿದ್ದ ಅವರು ತಿಂಗಳಿಗೆ ಹತ್ತು ಸಾವಿರದಂತೆ 50 ತಿಂಗಳ ಚಿಟ್ಟಿಗೆ ಸೇರಿ, ಬೇಗ ಹಣ ಸಿಗಲೆಂದು ಆರಂಭದಲ್ಲಿಯೇ ಒಂದೂವರೆ ಲಕ್ಷ ಬಿಟ್ಟುಕೊಟ್ಟು ಹರಾಜು ಹಿಡಿದರು. ಐದು ಲಕ್ಷದ ಚಿಟ್ಟಿಯಲ್ಲಿ ಕೈಗೆ ಬರುವುದು ಮೂರೂವರೆ ಲಕ್ಷ. ಆದರೆ ಹಣ ಎತ್ತಿದವನು ಉಳಿದ ಕಂತುಗಳನ್ನೆಲ್ಲ ಕೊನೆಯ ತಿಂಗಳವರೆಗೆ ಕಟ್ಟಲೇಬೇಕು. ಆ ಉಳಿದ ಕಂತುಗಳಿಗಾಗಿಯೇ ಜಾಮೀನು ಕೇಳುತ್ತಾರೆ.

ಹೆಂಡತಿ ಬೇಡವೆಂದಳು. ಅಣ್ಣ ಕೆಟ್ಟವನಲ್ಲ, ಆದರೆ ಅವನ ಕೈಯಲ್ಲಿ ಹಣ ನಿಲ್ಲುವುದಿಲ್ಲ, ಜೊತೆಯಲ್ಲಿ ಬೆಳೆದವಳು ನಾನು ಎಂದಳು. ನಾನು ಅವಳಿಗೆ ಬೈಬಲ್ ತೆರೆದು ತೋರಿಸಿದೆ. ಫಿಲೆಮೋನನಿಗೆ ಬರೆದ ಪತ್ರದಲ್ಲಿ ಪೌಲನು ಫಿಲೆಮೋನನ ದಾಸನಾದ ಒನೇಸಿಮನ ಪರವಾಗಿ, ಅವನು ನಿನಗೆ ಕೊಡಬೇಕಾದದ್ದು ಏನಾದರೂ ಇದ್ದರೆ ನನ್ನ ಲೆಕ್ಕಕ್ಕೆ ಹಾಕು ಎನ್ನುತ್ತಾನೆ. ಅಪೊಸ್ತಲನೇ ಜಾಮೀನು ನಿಂತಿರುವಾಗ ನಾನು ನಿಲ್ಲಬಾರದೇ ಎಂದು ವಾದಿಸಿ ಗೆದ್ದೆ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ನನಗೆ ದುಬಾರಿಯಾದದ್ದು ಆ ಓದು. ಭಾವನನ್ನು ನಂಬಿದ್ದು ತಪ್ಪೆಂದು ನಾನು ಇವತ್ತಿಗೂ ಹೇಳುವುದಿಲ್ಲ. ಮಲಯಾಳದಲ್ಲಿದ್ದ ಜಾಮೀನಿನ ಬಾಂಡನ್ನು ಪೂರ್ತಿ ಓದದೆ ಸಹಿ ಹಾಕಿದ್ದು ಅವಿವೇಕ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ ಎಂದು ಬದುಕುವ ನಮಗೆ ಬಸ್ಸಿನ ಬೋರ್ಡು ಓದುವಷ್ಟು ಮಲಯಾಳ ಬಂದರೆ ಕಚೇರಿಯ ಕಾಗದವೂ ಬಂದಂತೆ ಎಂಬ ಭ್ರಮೆ ಇರುತ್ತದೆ. ಆದರೂ ಮೂಲ ತಪ್ಪು ಅದಲ್ಲ. ನಾನು ಫಿಲೆಮೋನನ ಪತ್ರದ 18ನೆಯ ವಚನದಲ್ಲಿ ನಿಂತುಬಿಟ್ಟೆ. 19ನೆಯ ವಚನದಲ್ಲಿ ಪೌಲನು ಇದನ್ನು ನನ್ನ ಕೈಯಿಂದಲೇ ಬರೆದಿದ್ದೇನೆ, ನಾನೇ ತೀರಿಸುತ್ತೇನೆ ಎನ್ನುತ್ತಾನೆ. ಒನೇಸಿಮನು ಒಳ್ಳೆಯವನು, ಅವನೇ ಕೊಡುತ್ತಾನೆ ಎಂದು ಅವನು ಎಲ್ಲಿಯೂ ಬರೆಯುವುದಿಲ್ಲ. ಆ ಸಾಲವನ್ನು ತನ್ನದನ್ನಾಗಿ ಮಾಡಿಕೊಂಡೇ ಲೇಖನಿ ಹಿಡಿದಿದ್ದಾನೆ. ನಾನಾದರೋ ಭಾವನಿಗೆ ನಡತೆಯ ಪ್ರಮಾಣಪತ್ರ ಬರೆದುಕೊಡುತ್ತಿದ್ದೇನೆಂದು ತಿಳಿದಿದ್ದೆ. ಉಳಿದ ಕಂತುಗಳ ಮೊತ್ತವೆಷ್ಟು, ಅದನ್ನು ನಾನೊಬ್ಬನೇ ಕಟ್ಟಬೇಕಾಗಿ ಬಂದರೆ ಸಂಬಳದಲ್ಲಿ ಉಳಿಯುವುದೆಷ್ಟು ಎಂಬ ಕೂಡಿಸಿ ಕಳೆಯುವ ಲೆಕ್ಕವನ್ನು, ದಿನವೂ ಮಕ್ಕಳಿಗೆ ಅದನ್ನೇ ಕಲಿಸುವ ನಾನು, ಒಂದು ಕಾಗದದ ಮೇಲೂ ಮಾಡಿ ನೋಡಲಿಲ್ಲ. ಗೋಪುರ ಕಟ್ಟಲು ಹೊರಟವನು ಮೊದಲು ಕುಳಿತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಲೂಕನ 14ನೆಯ ಅಧ್ಯಾಯದಲ್ಲಿ ಯೇಸು ಕೇಳುವುದು ನನಗೆ ಬಾಯಿಪಾಠವಿತ್ತು.

ಜ್ಞಾನೋಕ್ತಿಗಳ ಪುಸ್ತಕ ಜಾಮೀನಿನ ಬಗ್ಗೆ ಒಂದೇ ಸಲ ಹೇಳಿ ಸುಮ್ಮನಾಗುವುದಿಲ್ಲ. 6, 11, 17 ಮತ್ತು 22ನೆಯ ಅಧ್ಯಾಯಗಳಲ್ಲಿ ಎಚ್ಚರಿಸುತ್ತದೆ. 22ನೆಯ ಅಧ್ಯಾಯದ ಮಾತು ಬಹಳ ಕಟುವಾಗಿದೆ: ತೀರಿಸಲು ನಿನ್ನಲ್ಲಿ ಏನೂ ಇಲ್ಲದಿದ್ದರೆ ನೀನು ಮಲಗುವ ಹಾಸಿಗೆಯನ್ನೇ ಏಕೆ ಎಳೆದುಕೊಂಡು ಹೋಗುವಂತೆ ಮಾಡಿಕೊಳ್ಳುತ್ತೀ? ನಮ್ಮ ದೇಶದ ಕಾನೂನೂ ಅದೇ ದಾರಿಯಲ್ಲಿದೆ. 1872ರ ಭಾರತೀಯ ಕರಾರು ಕಾಯಿದೆಯ 128ನೆಯ ಸೆಕ್ಷನ್ನಿನ ಪ್ರಕಾರ, ಕರಾರಿನಲ್ಲಿ ಬೇರೆ ರೀತಿ ಬರೆದಿಲ್ಲವಾದರೆ, ಜಾಮೀನುದಾರನ ಹೊಣೆ ಸಾಲಗಾರನ ಹೊಣೆಯಷ್ಟೇ ವಿಸ್ತಾರವಾದದ್ದು. ಮೊದಲು ಸಾಲಗಾರನನ್ನು ಕೋರ್ಟಿಗೆ ಎಳೆದು, ಅಲ್ಲಿ ಹಣ ಹುಟ್ಟದಿದ್ದರೆ ಮಾತ್ರ ನಿಮ್ಮ ಬಳಿಗೆ ಬರಬೇಕೆಂಬ ನಿಯಮವಿಲ್ಲ. ಮನೆ ಬಿಟ್ಟು ಗಲ್ಫಿಗೆ ಹೋದವನನ್ನು ಹುಡುಕುವುದಕ್ಕಿಂತ ಪ್ರತಿ ದಿನ ಹಾಜರಿ ಪುಸ್ತಕದಲ್ಲಿ ಸಹಿ ಹಾಕುವ ಅಧ್ಯಾಪಕನನ್ನು ಹಿಡಿಯುವುದು ಯಾರಿಗಾದರೂ ಸುಲಭ.

ಆದದ್ದೂ ಹಾಗೆಯೇ. ಅಂಗಡಿ ನಡೆಯಲಿಲ್ಲ, ಭಾವ ಗಲ್ಫಿಗೆ ಹೋದರು, ಅಲ್ಲಿಯೂ ಮೊದಲು ಕೆಲಸ ಸರಿಯಾಗಲಿಲ್ಲ. ಹರಾಜಿನಲ್ಲಿ ಬಿಟ್ಟುಕೊಟ್ಟ ಹಣದಲ್ಲಿ ಸದಸ್ಯರಿಗೆ ಬರುವ ಪಾಲು, ಅಂದರೆ ಲಾಭಾಂಶ, ಕಂತಿನಲ್ಲಿ ಕಡಿತವಾಗುತ್ತದೆ; ಹಣ ಎತ್ತಿದ ಮೇಲೆ ಕಂತು ತಪ್ಪಿದವನಿಗೆ ಅದು ಸಿಗುವುದಿಲ್ಲವಾದ್ದರಿಂದ ಪ್ರತಿ ಕಂತೂ ಪೂರ್ತಿ ಹತ್ತು ಸಾವಿರವಾಯಿತು, ಅದರ ಮೇಲೆ ಬಡ್ಡಿ ಸೇರಿತು. ನೋಟೀಸು ಬಂದದ್ದು ನನ್ನ ಮುಖ್ಯೋಪಾಧ್ಯಾಯರ ಮೇಜಿಗೆ. ಹೆಂಡತಿಯ ಬಂಗಾರ ಅಡವಿಟ್ಟು ಒಂದಿಷ್ಟು ಕಟ್ಟಿದೆ. ಉಳಿದದ್ದು ವರ್ಷಗಟ್ಟಲೆ ಸಂಬಳದಿಂದ ಹೋಯಿತು. ಕಟ್ಟಿದ ಹಣವನ್ನು ಸಾಲಗಾರನಿಂದ ವಸೂಲು ಮಾಡುವ ಹಕ್ಕು ಅದೇ ಕಾಯಿದೆಯ 145ನೆಯ ಸೆಕ್ಷನ್ನಿನಲ್ಲಿದೆ. ಆದರೆ ಅತ್ತೆ ಬದುಕಿರುವಾಗ ಅವರ ಮಗನ ಮೇಲೆ ದಾವೆ ಹೂಡುವ ಅಳಿಯ ಯಾರು? ಭಾವ ಈಗ ಆಗಾಗ ಸ್ವಲ್ಪ ಸ್ವಲ್ಪ ಕಳುಹಿಸುತ್ತಾರೆ. ನಾನು ಕೇಳುವುದಿಲ್ಲ.

ನಿಮ್ಮ ದಶಮಾಂಶದ ಪ್ರಶ್ನೆಗೆ ನನ್ನ ಉತ್ತರ ಚಿಕ್ಕದು: ಕಂತು ಮೊದಲು. ಅದು ನೀವು ಕೊಟ್ಟ ಮಾತು. ಸಾಲ ಮಾಡಿ ತೀರಿಸದವನನ್ನು 37ನೆಯ ಕೀರ್ತನೆ ದುಷ್ಟನೆಂದೇ ಕರೆಯುತ್ತದೆ. ನಿಮ್ಮ ಪ್ರಾರ್ಥನಾ ಕೂಟದಲ್ಲಿ ಮಲಾಕಿಯನ 3ನೆಯ ಅಧ್ಯಾಯ ಓದಿ, ಹತ್ತರಲ್ಲೊಂದು ಕೊಟ್ಟರೆ ಸಾಲ ತಾನಾಗಿ ತೀರುತ್ತದೆ ಎನ್ನುತ್ತಾರೆಂದು ಬರೆದಿದ್ದೀರಿ. ನನಗೂ ಒಬ್ಬರು ಹೇಳಿದ್ದರು, ದಶಮಾಂಶ ತಪ್ಪಿಸಿದ್ದಕ್ಕೇ ನೋಟೀಸು ಬಂದಿದೆ ಎಂದು. ಇದು ದೇವರ ಜೊತೆ ಚಿಟ್ಟಿಗೆ ಸೇರಿ ಹರಾಜಿಗೆ ಕಾಯುವಂತಿದೆ. ಮಲಾಕಿಯನು ಮಾತನಾಡುವುದು ದೇವಾಲಯದ ಉಗ್ರಾಣಕ್ಕೆ ಬರಬೇಕಾದ ಬೆಳೆಯ ಬಗ್ಗೆ. ಧರ್ಮೋಪದೇಶಕಾಂಡದ 14ನೆಯ ಅಧ್ಯಾಯದಲ್ಲಿ ಮೂರನೆಯ ವರ್ಷದ ದಶಮಾಂಶವನ್ನು ದೇವರ ಸೇವೆಗೆ ಮೀಸಲಾದ ಲೇವಿಯರು, ಪರದೇಶಿಗಳು, ಅನಾಥರು ಮತ್ತು ವಿಧವೆಯರು ತಿಂದು ತೃಪ್ತರಾಗಲೆಂದು ಊರಲ್ಲಿಯೇ ಇಡಬೇಕೆಂದಿದೆ. ಕೊಡುವವನ ಬಳಿ ಇರುವುದಕ್ಕೆ ತಕ್ಕಂತೆ ಕೊಟ್ಟರೆ ಅದು ಸ್ವೀಕಾರವಾಗುತ್ತದೆ, ಇಲ್ಲದ್ದನ್ನು ಯಾರೂ ಕೇಳುವುದಿಲ್ಲ ಎಂದು ಪೌಲನು ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಹೇಳುತ್ತಾನೆ. ನಮ್ಮ ಕಥೋಲಿಕ ಸಭೆಯ 1983ರ ಕಾನೂನು ಸಂಹಿತೆಯ 222ನೆಯ ವಿಧಿ ಸಭೆಯ ಅಗತ್ಯಗಳಿಗೆ ನೆರವಾಗುವುದನ್ನೂ ಬಡವರಿಗೆ ಕೊಡುವುದನ್ನೂ ಕರ್ತವ್ಯವೆನ್ನುತ್ತದೆ, ಶೇಕಡಾವಾರು ಹೇಳುವುದಿಲ್ಲ. ತಂದೆತಾಯಿಗೆ ಸಲ್ಲಬೇಕಾದದ್ದನ್ನು ದೇವರಿಗೆ ಮೀಸಲೆಂದು ಹೇಳಿ ಜಾರಿಕೊಂಡವರನ್ನು ಯೇಸು ಮಾರ್ಕನ 7ನೆಯ ಅಧ್ಯಾಯದಲ್ಲಿ ಗದರಿಸಿದ್ದನ್ನೂ ಓದಿ. ಕಂತು, ಮನೆಖರ್ಚು ಮತ್ತು ತಾಯಿಯ ಔಷಧಿ ಕಳೆದು ಉಳಿಯುವುದರಲ್ಲಿ ಕೊಡಿ. ನೂರು ರೂಪಾಯಿಯಾದರೂ ಸರಿ, ನಿಲ್ಲಿಸಬೇಡಿ. ನನ್ನ ಕೈ ಬರಿದಾಗಿದ್ದ ವರ್ಷಗಳಲ್ಲಿ ನಾನು ಅಷ್ಟನ್ನೇ ಬಡವರಿಗೆ ನೆರವಾಗುವ ನಮ್ಮ ಚರ್ಚಿನ ಸಂತ ವಿನ್ಸೆಂಟ್ ದಿ ಪಾಲ್ ಸಭೆಯ ಪೆಟ್ಟಿಗೆಗೆ ಹಾಕುತ್ತಿದ್ದೆ.

ಇನ್ನು ನಿಮ್ಮ ಭಾವನ ವಿಷಯ. ಜಾಮೀನಿಗೆ ಸಂಬಳವೇ ಆಗಬೇಕೆಂದಿಲ್ಲ. ಬಂಗಾರ, ಠೇವಣಿ ರಸೀದಿ, ಜಾಗದ ದಾಖಲೆಗಳನ್ನೂ ಚಿಟ್ಟಿ ಕಚೇರಿಗಳು ಸಾಮಾನ್ಯವಾಗಿ ಒಪ್ಪುತ್ತವೆ. ಮೊದಲು ಅವರದ್ದನ್ನು ಇಡಲು ಹೇಳಿ. ಅಕ್ಕನ ಎದುರಿನಲ್ಲಿಯೇ ಹೇಳಿ, ಬೆನ್ನ ಹಿಂದೆ ಬೇಡ. ಸಹಾಯ ಮಾಡಲೇಬೇಕೆಂದು ಮನಸ್ಸಿದ್ದರೆ ಮರಳಿ ಬಾರದಿದ್ದರೂ ನಿಮ್ಮ ಮನೆಯ ಒಲೆ ಉರಿಯುವಷ್ಟು ಉಳಿಸಿಕೊಂಡು, ಕೈಲಾದಷ್ಟು ಹಣವನ್ನು ನೇರವಾಗಿ ಕೊಟ್ಟುಬಿಡಿ. ಉಳಿದ ಕಂತುಗಳ ಒಟ್ಟು ಮೊತ್ತವನ್ನೇ ಹಾಗೆ ಕೊಟ್ಟುಬಿಡಬಲ್ಲಿರಾದರೆ ಮಾತ್ರ ಸಹಿ ಹಾಕಿ, ಪೌಲನಂತೆ.

ಆಗಲೇ ಸಹಿ ಹಾಕಿಯಾಗಿದ್ದರೆ ಜ್ಞಾನೋಕ್ತಿಗಳ 6ನೆಯ ಅಧ್ಯಾಯ ಕಣ್ಣಿಗೆ ನಿದ್ದೆ ಕೊಡಬೇಡ, ಹೋಗಿ ಬಿಡಿಸಿಕೋ ಎನ್ನುತ್ತದೆ. ನಾಳೆಯೇ ಕಚೇರಿಗೆ ಹೋಗಿ ಬೇರೆ ಭದ್ರತೆ ಇಟ್ಟು ನಿಮ್ಮನ್ನು ಬಿಡಿಸಲು ಸಾಧ್ಯವೇ ಎಂದು ಕೇಳಿ, ಬಾಂಡಿನ ನಕಲು ಪಡೆದು ಮಲಯಾಳ ಚೆನ್ನಾಗಿ ಬಲ್ಲವರಿಂದ ಓದಿಸಿಕೊಳ್ಳಿ. ಪ್ರತಿ ತಿಂಗಳ ರಸೀದಿಯ ಫೋಟೋವನ್ನು ವಾಟ್ಸಾಪಿನಲ್ಲಿ ಕಳುಹಿಸಲು ಭಾವನಿಗೆ ಹೇಳಿ. ಯಾವುದಾದರೂ ತಿಂಗಳು ರಸೀದಿ ಬಾರದಿದ್ದರೆ ನೋಟೀಸಿಗೆ ಕಾಯದೆ ಬಾಕಿ ಎಷ್ಟೆಂದು ನೀವೇ ಹೋಗಿ ವಿಚಾರಿಸಿ. ಬಡ್ಡಿ ಸೇರುವ ಮೊದಲು ಒಂದು ಕಂತು ತುಂಬುವುದು ನಿಮ್ಮ ಸಂಬಳದಲ್ಲಿ ಹೇಗೋ ಆದೀತು, ಒಂದು ವರ್ಷದ ಬಾಕಿ ಆಗದು.